ಗಾಳಿ ಸೇವನೆ, ಸರ್ವಿಸ್ ಚಾರ್ಜ್ ಪ್ರತ್ಯೇಕ

ಮುಂಬೈಯಲ್ಲಿ ಮನೆಯೊಳಗೆ ಕೂತು ಉಂಡರೆ ಅದು ಊಟ. ಬೀದಿಬದಿಯಲ್ಲಿ ಕೂತು ಉಂಡರೆ ದಾರಿದ್ರ್ಯ. ಅದೇ ಬೀದಿಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಉಂಡು, ಕೊನೆಗೆ ಸೋಂಪು-ಕಲ್ಲುಸಕ್ಕರೆಯ ಜೊತೆ ಬಿಲ್ಲು ಬಂದರೆ ಅದು ಔಟಿಂಗ್. ಆಂಟಾಪ್ ಹಿಲ್‌ನ ನಮ್ಮ ಕನ್ನಡ ಸಂಸಾರಗಳು ಮೊದಲನೆಯದರಿಂದ ಹೊರಟು, ಎರಡನೆಯದನ್ನು ಮೂಗು ಮುಚ್ಚಿಕೊಂಡು ದಾಟಿ, ಮೂರನೆಯದಕ್ಕೆ ಬಂದು ಸೇರಿ ಬಹಳ ಕಾಲವಾಯಿತು. ಭಾನುವಾರ ಸಂಜೆ ಕುಕ್ಕರ್ ಕೂಗದ ಮನೆಯೇ ಈಗ ಮರ್ಯಾದಸ್ಥರ ಮನೆ.

ಆಂಟಾಪ್ ಹಿಲ್ ಗೊತ್ತಿಲ್ಲದವರಿಗೆ ಎರಡು ಮಾತು. ವಡಾಲ ಮತ್ತು ಸಾಯನ್ ನಡುವಿನ ಈ ಜಾಗದಲ್ಲಿ ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸ್ ಇವೆ, ಅವಕ್ಕೆ ಸೆಕ್ಟರ್ ನಂಬರುಗಳಿವೆ. ಕ್ವಾರ್ಟರ್ಸ್ ಮುಗಿದಲ್ಲಿ ಝೋಪಡಿಗಳಿವೆ, ಅವಕ್ಕೆ ನಗರ ಎಂದು ಹೆಸರಿದೆ. ಗೋದಾಮುಗಳಿವೆ, ದರ್ಗಾ ಇದೆ. ಗಾಳಿಯೂ ಇದೆ. ಪೂರ್ವದಿಂದ ಬೀಸಿದರೆ ವಡಾಲ ಟ್ರಕ್ ಟರ್ಮಿನಲ್ಲಿನ ಡೀಸೆಲ್ಲು, ಅದರಾಚೆಯಿಂದ ಬೀಸಿದರೆ ಮಾಹುಲ್‌ನ ರಿಫೈನರಿ, ಎಲ್ಲಿಂದಲೂ ಬೀಸದಿದ್ದರೆ ಪಕ್ಕದ ನಾಲಾ. ತಲೆಯೆತ್ತಿದರೆ ಮೋನೋರೈಲಿನ ತೊಲೆ. ಆಂಟಾಪ್ ಹಿಲ್‌ಗೂ ಒಂದು ಸ್ಟೇಷನ್ ಇರಲಿ ಎಂದು 2019ರ ಮಾರ್ಚಿನಲ್ಲಿ ಕೊಟ್ಟರು. 2025ರ ಸೆಪ್ಟೆಂಬರಿನಲ್ಲಿ ದುರಸ್ತಿ ಎಂದು ಗಾಡಿಯನ್ನೇ ನಿಲ್ಲಿಸಿದರು. ಇಷ್ಟೆಲ್ಲದರ ಕೆಳಗೆ ಕೂತು, ತಂಗಾಳಿ ಸೇವಿಸುತ್ತ, ಸಂಸಾರ ಸಮೇತ ಉಣ್ಣಬೇಕೆಂಬ ಆಸೆ ಹುಟ್ಟಬೇಕಾದರೆ ಮನುಷ್ಯನಿಗೆ ಒಂದೋ ಕವಿಹೃದಯ ಇರಬೇಕು, ಇಲ್ಲವೇ ವಾಟ್ಸಾಪ್ ಸ್ಟೇಟಸ್ ಇರಬೇಕು. ಕವಿಹೃದಯ ಎಲ್ಲರಿಗೂ ಇರುವುದಿಲ್ಲ.

ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೆಸರು ಬೇಡ, ಹೆಸರು ಹಾಕಿದರೆ ನಾಳೆ ಸೆಕ್ಟರಿಗೊಬ್ಬರಂತೆ "ನಮ್ಮನ್ನೇ ಬರೆದಿದ್ದೀರಿ" ಎಂದು ಬಂದು ನಿಲ್ಲುತ್ತಾರೆ. ಯಜಮಾನರು ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಸೋದರಮಾವನ ಹಿಂದೆ ಬಸ್ಸು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ, ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಕುರ್ಚಿ ಹಿಡಿದವರು. ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಇಂಥ ಎಷ್ಟೋ ಮಂದಿಯನ್ನು ಲೋಟ ತೊಳೆಯುವ ತೊಟ್ಟಿಯಿಂದ ಎಬ್ಬಿಸಿ ಫೈಲುಗಳ ಮುಂದೆ ಕೂರಿಸಿದವು. ಎಬ್ಬಿಸಬೇಕಾದವರು ಕಡಿಮೆಯಾದಂತೆ ಅವುಗಳಲ್ಲಿ ಎಷ್ಟೋ ಬಾಗಿಲು ಹಾಕಿಕೊಂಡವು. ಯಜಮಾನಿ ವಡಾಲದಲ್ಲೇ ಹುಟ್ಟಿ ಬೆಳೆದವರು. ಮಗ ಇಂಜಿನಿಯರಿಂಗು, ಮಗಳು ಒಂಬತ್ತನೆಯ ಕ್ಲಾಸು. ಜೊತೆಗೆ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಊರಿನಿಂದ ಬಂದು, ಪೊರೆ ತೆಗೆಸಿಕೊಂಡದ್ದೇ ಎಲ್ಲವೂ ಸ್ಪಷ್ಟವಾಗಿ ಕಾಣತೊಡಗಿರುವ ಅಜ್ಜಿ. ನಾನು ಈ ಮನೆಯವರ ಸ್ನೇಹಿತ. ಕರೆದಾಗ ಬರುವವನು, ಬಿಲ್ಲು ಬಂದಾಗ ಕೈ ತೊಳೆಯಲು ಏಳುವವನು.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಉತ್ತರ ಒಂದು ಟ್ಯಾಕ್ಸಿ ದೂರದಲ್ಲಿದೆ: ಮಾಟುಂಗಾ. ರಾಮ ಆಶ್ರಯ 1939ರದ್ದು. ಕೆಫೆ ಮದ್ರಾಸ್ 1940ರದ್ದು. ಹೆಸರು ಮದ್ರಾಸಿನದಾದರೂ ನಡೆಸುವವರು ಕಾಮತರು. ಸ್ಟೇಷನ್ ಪಕ್ಕದ ಮಹಡಿಯಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಎಲೆ ಹಾಕುತ್ತಿದೆ. ಇವತ್ತಿಗೂ ಭಾನುವಾರ ಬೆಳಿಗ್ಗೆ ಗುಜರಾತಿ, ಮಾರವಾಡಿ ಸಂಸಾರಗಳು ದೂರದೂರದಿಂದ ಕಾರು ಮಾಡಿಕೊಂಡು ಬಂದು, ಹೆಸರು ಬರೆಸಿ, ಫುಟ್‌ಪಾತಿನಲ್ಲಿ ನಿಂತು ರಸಂ ವಡೆಗಾಗಿ ತಪಸ್ಸು ಮಾಡುತ್ತಾರೆ. ಮುಂಬೈಗೆ ಹೊರಗೆ ಕೂತು ತಿನ್ನುವ ರೂಢಿ ಕಲಿಸಿದವರಲ್ಲಿ ಇರಾನಿಗಳಷ್ಟೇ ಪಾಲು ನಮ್ಮ ಕರಾವಳಿಯವರದೂ ಇದೆ. ಇರಾನಿಗಳು ಚಹಾ ಕೊಟ್ಟು ಪೇಪರು ಓದಲು ಬಿಟ್ಟರು. ನಮ್ಮವರು ಸೊಂಟಕ್ಕೆ ಪಂಚೆ ಬಿಗಿದು, ಬಡಿಸುವವನ ಕೈ ಶುದ್ಧವೆಂಬ ಭರವಸೆ ಕೊಟ್ಟು, ಹೋಟೆಲಿನ ಮೆಟ್ಟಿಲು ಹತ್ತದ ಹೆಂಗಸರನ್ನೂ ಮಡಿವಂತರನ್ನೂ ಹತ್ತಿಸಿದರು. ಇಷ್ಟು ದೊಡ್ಡ ಕೆಲಸ ಮಾಡಿದವರ ಮಕ್ಕಳು ಈಗ ಆ ಮೆಟ್ಟಿಲು ಹತ್ತುವುದಿಲ್ಲ.

"ಅಲ್ಲಿಗೆ ಹೋದ್ರೆ ಔಟಿಂಗ್ ಎಲ್ಲಿ ಆಗ್ತದೆ? ಊಟ ಆಗ್ತದೆ ಅಷ್ಟೆ," ಎಂದು ಯಜಮಾನಿ ತೀರ್ಪು ಕೊಟ್ಟರು. ಮಗಳು ಹೇಳಿದ ಕಾರಣ ಇನ್ನೂ ಗಟ್ಟಿ: ಅಲ್ಲಿಯ ಲೈಟಿನಲ್ಲಿ ಫೋಟೊ ಚೆನ್ನಾಗಿ ಬರುವುದಿಲ್ಲ. ಯಜಮಾನರು ಏನೂ ಹೇಳಲಿಲ್ಲ. ತಾನು ಒರೆಸಿದ ಟೇಬಲ್ಲಿನ ಎದುರು ಗಿರಾಕಿಯಾಗಿ ಕೂರುವುದು ಹೆಮ್ಮೆಯ ವಿಷಯ ಎಂದು ಭಾಷಣದಲ್ಲಿ ಹೇಳಬಹುದು, ನಿಜವಾಗಿ ಕೂತಾಗ ಯಾರೋ ಹಳಬರು ಒಳಗಿನಿಂದ ಬಂದು, ಮಕ್ಕಳೆದುರಿಗೆ, "ಏನಾ, ಪುಟ್ಟಾ, ಹ್ಯಾಗಿದ್ದೀ?" ಎಂದುಬಿಟ್ಟರೆ ಸೂಪರಿಂಟೆಂಡೆಂಟ್ ಹುದ್ದೆಯ ಗತಿ ಏನು?

ಮಗನಿಗೆ ರೂಫ್‌ಟಾಪ್ ಬೇಕು. ಆಕಾಶದ ಕೆಳಗೆ, ಮಿಣುಕು ದೀಪದಲ್ಲಿ, ಯಾವುದು ಸಾಸು ಯಾವುದು ಗೋಡೆ ಎಂದು ತಿಳಿಯದ ಹಾಗೆ ತಿನ್ನುವ ಜಾಗ. ಮುಂಬೈ ಮಹಾನಗರಪಾಲಿಕೆ 2017ರ ನವೆಂಬರಿನಲ್ಲಿ ತಾರಸಿ ಹೋಟೆಲುಗಳಿಗೆ ಅನುಮತಿ ಕೊಡುವ ನೀತಿ ತಂದಿತು. ಆ ವರ್ಷವೇ ಡಿಸೆಂಬರ್ 28ರ ನಡುರಾತ್ರಿ ದಾಟಿದ ಮೇಲೆ ಲೋವರ್ ಪರೇಲಿನ ಕಮಲಾ ಮಿಲ್ಸ್‌ನ ತಾರಸಿ ಪಬ್ಬುಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಆಮೇಲೆ ಕೆಲವು ವಾರ ಇಡೀ ನಗರದ ತಾರಸಿಗಳ ಮೇಲೆ ಸುತ್ತಿಗೆ ಬಿತ್ತು, ತಗಡು ಹಾರಿತು, ಅಧಿಕಾರಿಗಳ ಫೋಟೊ ಪೇಪರಿನಲ್ಲಿ ಬಂತು. ಆಮೇಲೆ ಮಳೆಗಾಲ ಬಂತು, ಮಳೆಗಾಲಕ್ಕೆಂದು ನೀಲಿ ತಾಡಪಾಲು ಬಂತು, ಮಳೆ ಹೋದರೂ ತಾಡಪಾಲು ಉಳಿಯಿತು. ಈ ಊರಿನಲ್ಲಿ ಆಕಾಶವನ್ನು ತೋರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ, ಆಮೇಲೆ ಅದಕ್ಕೆ ತಾಡಪಾಲು ಮುಚ್ಚುತ್ತಾರೆ. ಇರಲಿ. ಮಗನ ಅರ್ಜಿ ಬೆಂಕಿಗೆ ಹೆದರಿ ತಿರಸ್ಕೃತವಾದದ್ದಲ್ಲ. ಅಜ್ಜಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂಬ ನೆಪ ಸಿಕ್ಕಿತು, ಯಜಮಾನರು ಫೋನಿನಲ್ಲಿ ಮೆನು ಕಾರ್ಡಿನ ಬಲಗಡೆಯ ಸಾಲನ್ನು ನೋಡಿಯಾಗಿತ್ತು.

ಕೊನೆಗೆ ಸಂಧಾನವಾದದ್ದು ಪಕ್ಕದ ಕೋಳಿವಾಡದಲ್ಲಿ. ಸ್ಟೇಷನ್ನಿಗೆ ಈಗ ಗುರು ತೇಗ್ ಬಹಾದ್ದೂರ್ ನಗರ ಎಂದು ಹೆಸರು; ಬಾಯಲ್ಲಿ ಇನ್ನೂ ಸಾಯನ್ ಕೋಳಿವಾಡ. ಮೂಲದಲ್ಲಿ ಇದು ಕೋಳಿ ಬೆಸ್ತರ ಹಳ್ಳಿ. ದೇಶ ಒಡೆದಾಗ 1947ರಲ್ಲಿ ಆ ಕಡೆಯಿಂದ ಉಟ್ಟ ಬಟ್ಟೆಯಲ್ಲಿ ಬಂದ ಪಂಜಾಬಿ, ಸಿಂಧಿ ಕುಟುಂಬಗಳಿಗೆ ಇಲ್ಲಿ ಜಾಗ ಕೊಟ್ಟರು. ಅವರು ಕಡಲೆಹಿಟ್ಟು, ಓಮ, ಮೆಣಸಿನಪುಡಿ ಹಚ್ಚಿ ಬೆಸ್ತರ ಮೀನನ್ನು ಕರಿದು ಮಾರಿದರು. ಅದೇ ಮುಂದೆ ಮುಂಬೈಯ ಬಾರುಬಾರಿನ ಮೆನುವಿನಲ್ಲಿ 'ಪ್ರಾನ್ಸ್ ಕೋಳಿವಾಡ' ಆಗಿ, ನಮ್ಮ ಶೆಟ್ಟರ ಕೈಯಲ್ಲಿ ಮಂಗಳೂರಿಗೂ ಬೆಂಗಳೂರಿಗೂ ಹೋಯಿತು. ಮೀನು ಕೋಳಿಗಳದ್ದು, ಮಸಾಲೆ ಪಂಜಾಬಿಗಳದ್ದು, ಲಾಭ ನಮ್ಮವರದ್ದು: ರಾಷ್ಟ್ರೀಯ ಭಾವೈಕ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಇಲ್ಲ. ನಾವು ಹೋದ ಜಾಗವೂ ಅಂಥದ್ದೇ. ಬೋರ್ಡು ಪಂಜಾಬಿ, ಬಾಣಲೆ ಬಿಹಾರಿ, ಗಲ್ಲಾ ಕುಂದಾಪುರ.

"ಅಂದರ್ ಎಸಿ ಹೈ, ಬಾಹರ್ ಓಪನ್ ಏರ್ ಹೈ," ಎಂದ ಬಾಗಿಲಲ್ಲಿ ನಿಂತಿದ್ದವನು. ಓಪನ್ ಏರ್ ಎಂದರೆ ಫುಟ್‌ಪಾತು. ನಾಲ್ಕು ಟೇಬಲ್ಲುಗಳಲ್ಲಿ ಒಂದಕ್ಕೆ ಎರಡು ಕಾಲು ಫುಟ್‌ಪಾತಿನಲ್ಲಿ, ಎರಡು ಕಾಲು ರಸ್ತೆಯಲ್ಲಿ. ರಸ್ತೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ. ಸಮತಟ್ಟಾಗಿದೆಯೋ ನೋಡಲು ಹುಡುಗ ಒಂದು ಲೋಟ ನೀರಿಟ್ಟ. ಲೋಟ ನಿಂತಿತು, ಬೆಸ್ಟ್ ಬಸ್ಸು ಹೋಯಿತು, ಲೋಟ ಜರುಗಿತು. ಬಲಕ್ಕೆ ತಂದೂರಿನ ಒಲೆ, ಎಡಕ್ಕೆ ಪಾರ್ಸೆಲ್ಲಿಗೆ ಕಾದು ನಿಂತ ಡೆಲಿವರಿ ಹುಡುಗರ ಬೈಕುಗಳು, ಹಿಂದೆ ಗಟಾರದ ಮೇಲಿನ ಕಲ್ಲುಚಪ್ಪಡಿ. ಚಪ್ಪಡಿಗಳ ನಡುವಿನ ಸಂದಿಯಿಂದ ಸೊಳ್ಳೆಗಳು ಮೇಲೆ ಬಂದು, ನಮ್ಮ ಆರ್ಡರಿಗೆ ಮೊದಲೇ ತಮ್ಮ ಊಟ ಶುರು ಮಾಡಿದವು. ಒಳಗಡೆ ಎಸಿಯಲ್ಲಿ ಅರ್ಧ ಕುರ್ಚಿ ಖಾಲಿ ಇತ್ತು. ಆದರೆ ಎಸಿಯೊಳಗೆ ಕೂತವರು ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಸಂಸಾರ ಸಮೇತ ಔಟಿಂಗಿಗೆ ಬಂದು ಕಾಣದೆ ಕೂತರೆ ಏನು ಬಂದ ಹಾಗಾಯಿತು? ಮೊದಲು ಎಸಿ ಹೋಟೆಲಿಗೆ 18, ಎಸಿಯಿಲ್ಲದ್ದಕ್ಕೆ 12 ಶೇಕಡ ಜಿಎಸ್‌ಟಿ ಇತ್ತು. 2017ರ ನವೆಂಬರ್ 15ರಿಂದ ಇಂಥ ಹೋಟೆಲುಗಳಿಗೆಲ್ಲ ಒಂದೇ 5 ಶೇಕಡ. ಬೆವರುವವನೂ ನಡುಗುವವನೂ ಸರ್ಕಾರದ ಕಣ್ಣಿಗೆ ಅಂದಿನಿಂದ ಸಮಾನರು. ಹೋಟೆಲಿನವರ ಕಣ್ಣಿಗೆ ಮಾತ್ರ ಓಪನ್ ಏರ್ ಒಂದು ಹೊಸ ಜಾತಿ, ಅದಕ್ಕೆ ಬೇರೆ ರೇಟು.

ಕೂತದ್ದೇ ಮೊದಲ ಪರೀಕ್ಷೆ: "ಬಿಸ್ಲೇರಿ ಯಾ ಸಾದಾ?" ಮನೆಯಲ್ಲಿ ಇವರೆಲ್ಲ ನಲ್ಲಿನೀರನ್ನೇ ಕುಡಿಯುವವರು. ತಾನ್ಸಾ, ವೈತರಣಾ, ಭಾತ್ಸಾ ಕೆರೆಗಳಿಂದ ಹರಿದು ಬರುವ ಮುಂಬೈ ನೀರಿನ ರುಚಿಯನ್ನು ಊರಿಗೆ ಹೋದಾಗ ಹೊಗಳಿ ಬೋರು ಹೊಡೆಸುವವರು. ಆದರೆ ಪಕ್ಕದ ಟೇಬಲ್ಲಿನವರು ಕೇಳುತ್ತಿರುವಾಗ "ಸಾದಾ" ಎನ್ನಲು ಬಾಯಿ ಬರುತ್ತದೆಯೇ? "ಬಿಸ್ಲೇರಿ, ಚಿಲ್ಡ್," ಎಂದರು ಯಜಮಾನರು, ಆಫೀಸಿನಲ್ಲಿ ಸಹಿ ಹಾಕುವ ಗಾಂಭೀರ್ಯದಲ್ಲಿ. ಅಜ್ಜಿ ತನ್ನ ಚೀಲದಿಂದ ಸ್ಟೀಲ್ ಬಾಟ್ಲಿ ತೆಗೆದು ಟೇಬಲ್ಲಿನ ಮೇಲಿಟ್ಟರು. ಯಜಮಾನಿ ಅದನ್ನು ಕಾಲಬುಡಕ್ಕೆ ಇಳಿಸಿದರು.

ಮೆನು ಬಂತು. ಅದರ ದಪ್ಪ ನೋಡಿದರೆ ಕಾನೂನು ಪುಸ್ತಕ, ಓದಿದರೆ ಮೂರೇ ಗ್ರೇವಿ: ಕೆಂಪು, ಹಳದಿ, ಬಿಳಿ. ಅದರಲ್ಲಿ ಪನೀರು ಮುಳುಗಿಸಿದರೆ ಒಂದು ಹೆಸರು, ಕೋಳಿ ಮುಳುಗಿಸಿದರೆ ಒಂದು ಹೆಸರು, ಮೇಲೆ ಗೋಡಂಬಿ ಎಸೆದರೆ ಮೊಗಲ್ ಬಾದಶಹನ ಹೆಸರು. ಮಗಳು ಶೆಜ್ವಾನ್ ಎಂದಳು. ಮಗ ಮಂಚೂರಿಯನ್ ಎಂದ. (ಮಂಚೂರಿಯದವರು ಇದನ್ನು ಕಂಡಿಲ್ಲ. 1975ರಲ್ಲಿ ಇದೇ ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ, ಕಲ್ಕತ್ತೆಯಿಂದ ಬಂದ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಮಾಡಿದ್ದು ಎನ್ನುವುದು ಪ್ರಸಿದ್ಧವಾದ ಕಥೆ.) ಯಜಮಾನರು ಪ್ರಾನ್ಸ್ ಕೋಳಿವಾಡ ಎಂದರು. ಸಿಗಡಿಯನ್ನು ಚಟ್ಲಿ ಎನ್ನುವ ಅಜ್ಜಿಗೆ ಗೊಂದಲ.

"ಮಗಾ, ಇದ್ ಚಟ್ಲಿಯಾ ಕೋಳಿಯಾ? ಒಂದ್ ಸಮ ಹೇಳ್ ಮರಾಯಾ."

"ಅಮ್ಮಾ, ಸ್ವಲ್ಪ ಮೆಲ್ಲಗೆ," ಎಂದರು ಯಜಮಾನರು, ಅಕ್ಕಪಕ್ಕ ನೋಡುತ್ತ.

ಈ 'ಮೆಲ್ಲಗೆ'ಗೆ ಒಂದು ಚರಿತ್ರೆಯಿದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಕೆಲವು ವರ್ಷ ಮುಂಬೈಯಲ್ಲಿ ದಕ್ಷಿಣದವರ ಮೇಲೆ, ಲುಂಗಿ ಉಟ್ಟವರ ಮೇಲೆ ಘೋಷಣೆ ಕೂಗುವ, ಉಡುಪಿ ಹೋಟೆಲುಗಳ ಗಾಜು ಒಡೆಯುವ ಕಾಲವಿತ್ತು. ಆಗ ಬೀದಿಯಲ್ಲಿ ಕನ್ನಡ, ತುಳು ಮಾತಾಡುವಾಗ ಧ್ವನಿ ತಗ್ಗಿಸಿದವರ ಮೇಲೆ ಕಲ್ಲೆಸೆಯುವ ಹಕ್ಕು ನನಗಿಲ್ಲ. ಅವರ ಮೇಲೆ ಎಸೆಯಲು ಬೇರೆಯವರು ಕಲ್ಲು ಹಿಡಿದು ನಿಂತಿದ್ದರು. ಆ ಘೋಷಣೆ ಕೂಗಿದವರ ಮೊಮ್ಮಕ್ಕಳು ಈಗ ಮಾಟುಂಗಾದ ಸಾಲಿನಲ್ಲಿ ನಿಂತು ಮೈಸೂರು ಮಸಾಲೆ ಕೇಳುತ್ತಾರೆ. ಕಾನೂನಿಗೆ ಇನ್ನೂ ಬೇಕಾದದ್ದು ಅಂಗಡಿಯ ಬೋರ್ಡಿನಲ್ಲಿ ದೊಡ್ಡ ಅಕ್ಷರದ ಮರಾಠಿ. ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಅದಕ್ಕೆ ಎರಡು ತಿಂಗಳ ಗಡುವನ್ನೂ ಕೊಟ್ಟಿತು, ಹೋಟೆಲಿನವರು ಬೋರ್ಡು ಬದಲಿಸಿದರು, ಅಲ್ಲಿಗೆ ಮುಗಿಯಿತು. ಟೇಬಲ್ಲಿನ ಮೇಲೆ ತಾಯಿ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಯಾವ ಕೋರ್ಟೂ ಹೇಳಿಲ್ಲ. ಅಪ್ಪಂದಿರು ಧ್ವನಿ ತಗ್ಗಿಸಿದ್ದು ಹೆದರಿ. ಮಕ್ಕಳು ತಗ್ಗಿಸುವುದು ಸ್ಟೈಲಿಗೆ.

ಹಾಗಾಗಿ ಆರ್ಡರು ಹಿಂದಿಯಲ್ಲಿ ಹೋಯಿತು. "ಭಯ್ಯಾ, ಗ್ರೇವಿ ಮೇ ತಿಖಾ ಕಮ್ ಕರ್ನೇ ಕಾ, ಔರ್ ರೋಟಿ ಕಡಕ್ ಮಂಗ್ತಾ." ಭಯ್ಯಾ ಜಾರ್ಖಂಡಿನವನು, ಈ ಹಿಂದಿ ಕೇಳಿ ಒಂದು ಕ್ಷಣ ಯಜಮಾನರನ್ನು ಪರಕೀಯರಂತೆ ನೋಡಿದ, ಬರೆದುಕೊಂಡ. ಅಡುಗೆಮನೆಯ ಕಡೆಗೆ ತಿರುಗಿ ಕೂಗಿದ. ಗಲ್ಲಾದಲ್ಲಿ ಕೂತಿದ್ದವರು ಅದೇ ಹೊತ್ತಿಗೆ ಫೋನಿನಲ್ಲಿ ಯಾರಿಗೋ, "ಹ್ವಾಯ್, ಮಳಿ ಬಂತಾ ಊರಂಗೆ?" ಎಂದು ಕೇಳುತ್ತಿದ್ದರು. ಅಜ್ಜಿಯ ಮುಖ ಅರಳಿತು. ಯಜಮಾನರು ನೀರು ಕುಡಿದರು. ಮಾರುವವನು ನಮ್ಮವನು, ಕೊಳ್ಳುವವನು ನಮ್ಮವನು, ಇಬ್ಬರ ಮನೆಗೂ ಒಂದೇ ಬಸ್ಸು. ನಡುವೆ ವ್ಯವಹಾರ ಮಾತ್ರ ಇಬ್ಬರಿಗೂ ಬಾರದ ಭಾಷೆಯಲ್ಲಿ.

ಮಂಚೂರಿಯನ್ ಬಂತು, ಕುಂಕುಮದಷ್ಟು ಕೆಂಪಗೆ. ಮಗ ಸಂತೋಷದಿಂದ, "ಹಾಂ, ಇದು ನೋಡು! ಆ ಊರಿನದ್ದರ ಹಾಗಲ್ಲ," ಎಂದ. ಆ ಮಾತಿನ ಹಿಂದೆ ಕಳೆದ ಮೇ ತಿಂಗಳ ಕಥೆಯಿದೆ, ಅದನ್ನೂ ಹೇಳಿಬಿಡುತ್ತೇನೆ. ಹೊರಗೆ ಉಣ್ಣುವ ಕಾಯಿಲೆ ಆಂಟಾಪ್ ಹಿಲ್‌ಗಷ್ಟೇ ಅಂಟಿದ್ದು ಎಂದು ಊರಿನವರು ಬೀಗಬಾರದು.

ಮೇಯಲ್ಲಿ ಇವರು ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುತ್ತಾರೆ. ಮನೆಗೆ ಹೋಗಿ ಎರಡು ದಿನ ಕಳೆಯುವುದರೊಳಗೆ ಮಕ್ಕಳಿಗೆ ಮನೆಯೂಟ ಬೇಸರ, ಹೊರಗೆ ಹೋಗಬೇಕು. ಊರಿನಲ್ಲಿ ಮನೆಯ ಬಾಗಿಲು ತೆರೆದರೆ ಹೊರಗೇ: ಅಂಗಳ, ತೆಂಗು, ಮಾವು, ದುಡ್ಡಿಲ್ಲದ ಗಾಳಿ. ಅದು ಲೆಕ್ಕಕ್ಕಿಲ್ಲ. ಹೈವೇ 66ರ ಮೇಲೆ ಹೊಸದಾಗಿ 'ಗಾರ್ಡನ್ ಫ್ಯಾಮಿಲಿ ರೆಸ್ಟೋರೆಂಟ್' ಆಗಿದೆ, ಅಲ್ಲಿಗೇ ಹೋಗಬೇಕು. ಇಡೀ ಜೀವಮಾನ ಮುಂಬೈಯಲ್ಲಿ ಹೋಟೆಲು ನಡೆಸಿ, ಬಿಲ್ಡರಿಗೆ ಜಾಗ ಕೊಟ್ಟು, ದುಡ್ಡು ತಂದು ಊರಿನಲ್ಲಿ ಹಾಕಿದವರ ಉದ್ಯಮ. ತೆಂಗಿನ ತೋಟ ಕಡಿದು ಪಾರ್ಕಿಂಗ್ ಮಾಡಿದ್ದಾರೆ. ಕಡಿದ ಮೇಲೆ ಬಿಸಿಲು ಜಾಸ್ತಿಯಾಯಿತು ಎಂದು ಪ್ಲಾಸ್ಟಿಕ್ಕಿನ ತೆಂಗಿನಮರ ನೆಟ್ಟು ಅದರ ಗರಿಗೆ ಹಸಿರು ದೀಪ ಕಟ್ಟಿದ್ದಾರೆ. ಸಿಮೆಂಟಿನ ಬಂಡೆಯಿಂದ ಮೋಟಾರು ನೀರು ಸುರಿಸುತ್ತದೆ. ಗಿರಾಕಿಗಳು ಬಂದರೆ ಆನ್, ಹೋದರೆ ಆಫ್. ಫ್ಯಾಮಿಲಿಗೆಂದು ಪ್ರತ್ಯೇಕ ಗುಡಿಸಲುಗಳು: ಮುಳಿಹುಲ್ಲಿನ ಮಾಡು, ಅಡಕೆಮರದ ಕಂಬ, ಸಗಣಿಯ ಬಣ್ಣಕ್ಕೆ ಹೊಂದುವ ಟೈಲ್ಸು. ಒಳಗೆ ಕಾಲಿಟ್ಟದ್ದೇ ಅಜ್ಜಿ ಸುತ್ತ ನೋಡಿ ಹೇಳಿದರಂತೆ:

"ಇದ್ ನಮ್ ಹಳೇ ಹಟ್ಟಿ ಅಲ್ದಾ ಮಗಾ? ಅದನ್ನ್ ಮುರ್ದ್ ಹಾಕದ್ದ್ ನೀನೇ ಅಲ್ದಾ?"

ನಿಜ. ಹುಲ್ಲಿನ ಮನೆ ನಾಚಿಕೆ ಎಂದು ಮುಂಬೈ ದುಡ್ಡು ಕಳಿಸಿ ಅದನ್ನು ಕೆಡವಿಸಿ ಆರ್‌ಸಿಸಿ ಕಟ್ಟಿಸಿದ್ದು ಇದೇ ಯಜಮಾನರು. ಈಗ ಆರ್‌ಸಿಸಿ ಮನೆಯಿಂದ ರಿಕ್ಷಾ ಮಾಡಿಕೊಂಡು ಬಂದು, ದುಡ್ಡು ಕೊಟ್ಟು, ಹುಲ್ಲಿನ ಕೆಳಗೆ ಕೂತಿದ್ದಾರೆ. ಹಟ್ಟಿಯಲ್ಲಿ ಇದ್ದ ದನಗಳು ಕೂಡ ಇಷ್ಟು ದುಡ್ಡು ಕೊಟ್ಟಿರಲಿಲ್ಲ.

ಅಲ್ಲಿ ಬಡಿಸುವ ಹುಡುಗ ಅಸ್ಸಾಮಿನವನು. ಹೀಗಾಗಿ ಕುಂದಾಪುರದ ಮಣ್ಣಿನಲ್ಲಿ, ಕುಂದಾಪುರದ ಸಂಸಾರ, ಕುಂದಾಪುರದವರ ಹೋಟೆಲಿನಲ್ಲಿ ಮತ್ತೆ "ಭಯ್ಯಾ, ತಿಖಾ ಕಮ್." ಘೀ ರೋಸ್ಟ್ ಹುಟ್ಟಿದ ಊರಿಗೆ ಹೋಗಿ ಇವರು ಕೇಳಿದ್ದು ಪಾವ್ ಭಾಜಿ ಮತ್ತು ಗೋಬಿ ಮಂಚೂರಿ. (ಘೀ ರೋಸ್ಟನ್ನು ಇವರು ತಿನ್ನುವುದು ಅಂಧೇರಿಯ ಮಾಲಿನಲ್ಲಿ, 'ಕೋಸ್ಟಲ್ ಸ್ಪೆಷಲ್' ಎಂದು ಬರೆದಿದ್ದರೆ.) ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದರಿಂದ ಬಂದ ಗೋಬಿ ಗೋಬಿಯ ಬಣ್ಣದಲ್ಲೇ ಇತ್ತು. ಮುಂಬೈ ಹುಡುಗ ತಟ್ಟೆ ದೂಡಿದ. ಕ್ಯಾನ್ಸರಿನ ಭಯವಿಲ್ಲದ ತಿಂಡಿಯಲ್ಲಿ ಅವನಿಗೆ ಭರವಸೆ ಹುಟ್ಟಲಿಲ್ಲ.

ಕೋಳಿವಾಡಕ್ಕೆ ಮರಳೋಣ. ಊಟ ಅರ್ಧವಾಗಿತ್ತು. ಕೋಳಿವಾಡದ ಸಿಗಡಿ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಓಮದ ಘಮ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅಜ್ಜಿ ಮಾತು ನಿಲ್ಲಿಸಿ ತಿನ್ನುತ್ತಿದ್ದರು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. ಅಷ್ಟರಲ್ಲಿ ರಸ್ತೆಯ ಆ ತುದಿಯಿಂದ ಒಂದು ಸಿಳ್ಳೆ ಕೇಳಿಸಿತು. ಪಾನ್ ಅಂಗಡಿಯವನು ಸಿಳ್ಳೆ ಹಾಕಿದರೆ ಅದರ ಅರ್ಥ ಇಲ್ಲಿ ಎಲ್ಲರಿಗೂ ಗೊತ್ತು: "ಗಾಡಿ ಆಯಾ." ಒತ್ತುವರಿ ತೆರವಿನ ಗಾಡಿ. ಭಯ್ಯಾ ಕಣ್ಣುಮುಚ್ಚಿ ತೆಗೆಯುವುದರೊಳಗೆ ಪಕ್ಕದ ಎರಡು ಟೇಬಲ್ಲುಗಳನ್ನು ತಲೆಯ ಮೇಲಿಟ್ಟುಕೊಂಡು ಒಳಗೆ ಓಡಿದ. ಇನ್ನೊಬ್ಬ ಬಂದು, "ದೋ ಮಿನಿಟ್, ಸಾಬ್," ಎಂದು ಮಗಳ ಕೆಳಗಿನ ಕುರ್ಚಿಗೆ ಕೈ ಹಾಕಿದ. ನಾವೆಲ್ಲ ತಟ್ಟೆ ಹಿಡಿದು ಎದ್ದು ನಿಂತೆವು. ಕೇಂದ್ರ ಸರ್ಕಾರದ ಒಬ್ಬ ಸೂಪರಿಂಟೆಂಡೆಂಟ್, ಅವರ ಧರ್ಮಪತ್ನಿ, ಭಾವೀ ಇಂಜಿನಿಯರು, ಎಲ್ಲರೂ ಎಂಜಲು ಕೈಯಲ್ಲಿ ಗೋಡೆಗೆ ಆತು ಸಾಲಾಗಿ. ಗಾಡಿ ಮೆಲ್ಲಗೆ ಬಂತು. ಎದುರಿನ ವಡಾಪಾವ್ ಮಾರುವ ಹೆಂಗಸಿನ ಸ್ಟವ್ವು, ಬಾಣಲೆ, ಕಟ್ಟಿಗೆಯ ಹಲಗೆಯನ್ನು ಎತ್ತಿ ಒಳಗೆ ಎಸೆಯಿತು. ನಮ್ಮ ಹೋಟೆಲಿನ ಮುಂದೆ ಬಂದಾಗ ನಿಂತಿತು, ಒಬ್ಬ ಇಳಿದು ಗಲ್ಲಾಕ್ಕೆ ಹೋಗಿ, ಒಂದು ಪಾರ್ಸೆಲ್ ಹಿಡಿದು ಬಂದು ಹತ್ತಿದ, ಗಾಡಿ ಹೋಯಿತು. ಟೇಬಲ್ಲುಗಳು ತಿರುಗಿ ಬಂದವು, ಇಟ್ಟಿಗೆಗಳು ತಿರುಗಿ ಬಂದವು.

"ಎಷ್ಟ್ ಡಿಸಿಪ್ಲಿನ್ ನೋಡಿ ಇಲ್ಲಿ," ಎಂದರು ಯಜಮಾನಿ.

ಕುರ್ಚಿಗಾಗಿ ಕಾಯುತ್ತ ನಿಂತಿದ್ದಾಗಲೇ ನನಗೆ ಕೇಳಿಸಿದ್ದು. ಹೋಟೆಲಿನ ಗೋಡೆ ಮುಗಿದಲ್ಲಿ, ಮುಚ್ಚಿದ ಶಟರಿನ ಎದುರು, ಮೂರು ಇಟ್ಟಿಗೆಯ ಮೇಲೆ ಹಂಚಿಟ್ಟು ಒಬ್ಬ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಿದ್ದರು. ಗಂಡ ಸಿಮೆಂಟಿನ ಕಾಲು ತೊಳೆದುಕೊಳ್ಳುತ್ತಿದ್ದ. "ಏ ತಮ್ಮಾ, ಉಣ್ಣಾಕ ಬಾರೋ, ರೊಟ್ಟಿ ಆರ್ತಾವು," ಎಂದು ಆಕೆ ರಸ್ತೆಯಾಚೆ ಆಡುತ್ತಿದ್ದ ಹುಡುಗನನ್ನು ಕೂಗಿದರು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಮಳೆಯಿಲ್ಲದ ವರ್ಷ ರೈಲು ಹತ್ತಿ ಬಂದು ಈ ನಗರದ ಕಟ್ಟಡ ಕಟ್ಟುವವರು, ಗಟಾರ ತೋಡುವವರು ಇವರೇ. ಇವರ ಊಟ ದಿನವೂ ಓಪನ್ ಏರ್, ದಿನವೂ ಫ್ಯಾಮಿಲಿ ಸಮೇತ. ಗಾಡಿ ಬಂದರೆ ಹಂಚು ಎತ್ತಿಕೊಂಡು ಓಡಬೇಕು. ಕೊಡಲು ಇವರ ಬಳಿ ಗಲ್ಲಾವೂ ಇಲ್ಲ, ಪಾರ್ಸೆಲ್ಲೂ ಇಲ್ಲ. ಇಡೀ ಬೀದಿಯಲ್ಲಿ ಗಂಟಲು ಬಿಟ್ಟು ಕನ್ನಡ ಮಾತಾಡಿದವರು ಆ ಹೆಂಗಸೊಬ್ಬರೇ. ಅಜ್ಜಿ ತಕ್ಷಣ ಆ ಕಡೆ ತಿರುಗಿ, "ನಮ್ಮವ್ರ್ ಅಲ್ದಾ?" ಎಂದರು.

"ಅಲ್ಲ, ಅಮ್ಮ. ಅವರು ಬೇರೆ," ಎಂದರು ಯಜಮಾನರು. ಎಷ್ಟು ಬೇಗ ಹೇಳಿದರೆಂದರೆ, ಆ ಉತ್ತರ ಬಹಳ ಕಾಲದಿಂದ ಬಾಯಲ್ಲೇ ತಯಾರಿತ್ತು.

ಅರ್ಧ ಊಟದ ಮೇಲೆ ಮತ್ತೆ ಕೂತು ಮುಗಿಸುವಷ್ಟರಲ್ಲಿ ಗ್ರೇವಿಗೆ ಕೆನೆ ಕಟ್ಟಿತ್ತು. ಫೋಟೊ ತೆಗೆದದ್ದಾಯಿತು. ಅಜ್ಜಿಯ ಸ್ಟೀಲ್ ಬಾಟ್ಲಿ ಕಾಣದ ಹಾಗೆ, ಗಟಾರ ಕಾಣದ ಹಾಗೆ, ಹಿಂದಿನ ಶಟರಿನ ಎದುರಿನ ಒಲೆ ಕಾಣದ ಹಾಗೆ ಕೋನ ಹುಡುಕಿ. ಕೊನೆಗೆ ಬಿಲ್ಲು ಬಂತು, ಸೋಂಪಿನೊಂದಿಗೆ. ನಾನು ಅಭ್ಯಾಸದಂತೆ ಕೈ ತೊಳೆಯಲು ಎದ್ದೆ. ತೊಳೆಯುವ ಜಾಗ ಗಲ್ಲಾದ ಪಕ್ಕದಲ್ಲೇ ಇದ್ದದ್ದರಿಂದ ಮುಂದಿನದೆಲ್ಲ ಕೇಳಿಸಿತು. ಎರಡೂವರೆ ಶೇಕಡದಂತೆ ಎರಡು ಜಿಎಸ್‌ಟಿ, ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ಅದರ ಮೇಲೆ ಹತ್ತು ಶೇಕಡ ಸರ್ವಿಸ್ ಚಾರ್ಜು. ಕುರ್ಚಿ ಎಳೆದುಕೊಂಡು ಹೋದದ್ದಕ್ಕೂ ತಂದು ಹಾಕಿದ್ದಕ್ಕೂ ಸೇರಿ ಇರಬೇಕು. ಯಜಮಾನರು ಬಿಲ್ಲು ಹಿಡಿದು ಗಲ್ಲಾಕ್ಕೆ ಬಂದರು. ಹಳೇ ಹೋಟೆಲಿನ ಮನುಷ್ಯ, ಲೆಕ್ಕ ಬಾಯಲ್ಲೇ ಇತ್ತು. "ಯೇ ಸರ್ವಿಸ್ ಚಾರ್ಜ್ ಕಾಯ್ಕೋ ಲಗಾಯಾ?" ಎಂದು ಕೇಳಿದರು. ಗಲ್ಲಾದವರು ಮುಖ ಎತ್ತದೆ, "ಸಬ್ ಕೋ ಲಗ್ತಾ ಹೈ, ಸಾಬ್," ಎಂದರು. ಇಬ್ಬರೂ ಕುಂದಾಪುರದ ಹಿಂದಿಯಲ್ಲಿ ಸ್ವಲ್ಪ ಹೊತ್ತು ಹೊಡೆದಾಡಿ, ಇಬ್ಬರಿಗೂ ಶಬ್ದ ಸಾಲದೆ ನಿಲ್ಲಿಸಿದರು. ಯಜಮಾನರು ದುಡ್ಡು ಕೊಟ್ಟರು. ಆ ಹತ್ತು ಶೇಕಡದಲ್ಲಿ ಜಾರ್ಖಂಡಿನ ಹುಡುಗನ ಕೈಗೆ ಎಷ್ಟು ಹೋಗುತ್ತದೆ ಎಂದು ನಾನು ಅವನನ್ನೇ ಕೇಳಿದೆ. ನಕ್ಕು ಟೇಬಲ್ ಒರೆಸಲು ಹೋದ.

ಓದುಗರಿಗೆ ಒಂದು ಮಾತು. ಸರ್ವಿಸ್ ಚಾರ್ಜು ಕಡ್ಡಾಯವಲ್ಲ. ಗಿರಾಕಿಯ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಹೇಳಿದೆ. ಹೋಟೆಲುಗಳ ಸಂಘಗಳು ಅದರ ವಿರುದ್ಧ ಹೋದಾಗ ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ದೂರು ಕೊಡಲು 1915ಕ್ಕೆ ಫೋನು ಮಾಡಬಹುದು. ಅದಕ್ಕೂ ಮೊದಲು ಬಿಲ್ಲು ಹಿಡಿದು ಗಲ್ಲಾಕ್ಕೆ ಹೋಗಿ, ಅದನ್ನು ತೆಗೆಯಿರಿ ಎಂದು ಕೇಳಿ. ಕನ್ನಡದಲ್ಲೇ ಕೇಳಿ, ಸ್ವಲ್ಪ ಜೋರಾಗಿ. ಅಲ್ಲಿ ಕೂತವರಿಗೆ ಅರ್ಥವಾಗುತ್ತದೆ.